ಧಾರೆಯ ಸೀರೆ

ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಹೆದ್ದಾರಿಯು ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ, ಮೇಲ್ಕಾರು, ಕಲ್ಲಡ್ಕಗಳನ್ನು ಹಿಂದಿಕ್ಕಿ ಮುಂದುವರಿದಾಗ ಮಾಣಿ ಎಂಬ ಊರು ಸಿಗುತ್ತದೆ. ಬಂಟ್ವಾಳ ತಾಲೂಕಿನ ಈ ಊರಿನಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಒಂದು ಉಪ್ಪಿನಂಗಡಿಯ ಕಡೆಗೆ ಸಾಗಿ ಶಿರಾಡಿ ಘಟ್ಟವನ್ನು ಏರಿದರೆ, ಇನ್ನೊಂದು ಪುತ್ತೂರು, ಸುಳ್ಯಗಳ ಮೂಲಕ ಮಡಿಕೇರಿ, ಮೈಸೂರುಗಳನ್ನು ಮುಟ್ಟುತ್ತದೆ. ಕೂಡುರಸ್ತೆಯ ಊರಾದುದರಿಂದ ಮಾಣಿಯವರಿಗೆ ಪೇಟೆಗೆ ಹೋಗಲು ಬಸ್ಸಿನ ಕೊರತೆಯಿಲ್ಲ. ಕೊರತೆ ಇರುವುದು ಯಾವ ಪೇಟೆಗೆ ಹೋಗಬೇಕೆಂಬ ತೀರ್ಮಾನಕ್ಕೆ. ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಯಿತೆಂದರೆ ಅಡುಗೆಯವರ ಮಾತಿಗಿಂತ, ಚಪ್ಪರದ ಮಾತಿಗಿಂತ ಮೊದಲು ಬರುವ ಪ್ರಶ್ನೆ ಇದು: ಜವಳಿ ತೆಗೆಯುವುದು ಎಲ್ಲಿ? ಪುತ್ತೂರು ಹತ್ತಿರ, ಪರಿಚಯದ ಅಂಗಡಿ, ಸಾಲವನ್ನೂ ಕೊಟ್ಟಾರು. ಮಂಗಳೂರು ದೂರವಾದರೂ ಆಯ್ಕೆ ಹೆಚ್ಚು. ಮೇಲಾಗಿ, ‘ಮಂಗಳೂರಿನಿಂದ ತಂದದ್ದು’ ಎಂದು ಹೇಳಿಕೊಳ್ಳುವ ಸುಖಕ್ಕೆ ಬಸ್ಸಿನ ಚೀಟಿಯ ಹಣ ದೊಡ್ಡದಲ್ಲ.

ಹೀಗೆ ತೀರ್ಮಾನವಾದ ಮೇಲೆ ಒಂದು ದಿನ ಬೆಳಗ್ಗೆ ಹೊರಡುವ ತಂಡವನ್ನು ನೋಡಬೇಕು. ಹುಡುಗಿ, ತಾಯಿ, ತಂದೆ ಇವರು ಸರಿ. ಇವರೊಡನೆ ದೊಡ್ಡಮ್ಮ, ಸೋದರತ್ತೆ, ಇಬ್ಬರು ಅತ್ತಿಗೆಯಂದಿರು, ಬಟ್ಟೆಯ ವಿಚಾರ ಬಲ್ಲವರೆಂದು ಹೆಸರಾದ ನೆರೆಮನೆಯ ಅಕ್ಕ, ಬಿಟ್ಟುಬಂದರೆ ಅಳುವ ಎರಡು ಮಕ್ಕಳು. ಧಾರೆಯ ಸೀರೆಯನ್ನು ಕೆಲವು ಮನೆತನಗಳಲ್ಲಿ ವರನ ಕಡೆಯವರು ತರುತ್ತಾರೆ. ಕೆಲವೆಡೆ ಹೆಣ್ಣಿನ ಮನೆಯವರೇ ಕೊಳ್ಳುತ್ತಾರೆ. ವರನ ಕಡೆಯವರದಾದರೆ ಅವರ ತಂಡವೂ ಪೇಟೆಯಲ್ಲಿ ಬಂದು ಕೂಡಿಕೊಳ್ಳುತ್ತದೆ. ಆಗ ಎರಡು ಮನೆಗಳ ಮರ್ಯಾದೆಯೂ ಒಂದೇ ಅಂಗಡಿಯ ಹಾಸಿನ ಮೇಲೆ ಎದುರುಬದುರಾಗಿ ಕುಳಿತಿರುತ್ತದೆ.

ಅಂಗಡಿಯ ಹುಡುಗನು ಮಾತಿನಲ್ಲಿ ಜಾಣ. ‘ಅಕ್ಕ, ಇದು ನೋಡಿ. ಬಣ್ಣ ಹೋದರೆ ನನ್ನನ್ನು ಕೇಳಿ’ ಎನ್ನುತ್ತಾ ಒಂದಾದ ಮೇಲೆ ಒಂದು ಸೀರೆಯನ್ನು ಬಿಡಿಸಿ ಹಾಕುತ್ತಾನೆ. ಅರಸಿನ, ಕುಂಕುಮ, ಗಿಳಿಹಸುರು, ನವಿಲುಗೊರಳಿನ ಬಣ್ಣ. ಸ್ವಲ್ಪ ಹೊತ್ತಿಗೆ ಅಲ್ಲೊಂದು ಚಿಕ್ಕ ಗುಡ್ಡವೇ ಆಗುತ್ತದೆ. ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ. ದೊಡ್ಡಮ್ಮನಿಗೆ ಅಂಚು ಅಗಲವಾಗಿರಬೇಕು. ಅತ್ತಿಗೆಗೆ ಅಗಲ ಅಂಚು ಹಳೆಯ ಕಾಲದ್ದೆಂದು ತೋರುತ್ತದೆ. ನೆರೆಮನೆಯ ಅಕ್ಕನು ಸೆರಗನ್ನು ಬೆರಳುಗಳ ನಡುವೆ ಉಜ್ಜಿ, ಏನನ್ನೂ ಹೇಳದೆ ತಲೆಯಾಡಿಸುತ್ತಾಳೆ. ಆ ಮೌನದಿಂದ ಹತ್ತು ಸೀರೆಗಳಾದರೂ ಪಕ್ಕಕ್ಕೆ ಸರಿಯುತ್ತವೆ. ತಂದೆಯಾದವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಯಾರೋ ಕೊಟ್ಟ ಶರಬತ್ತನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾನೆ. ಅವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕೊನೆಗೆ ಕರೆಯುವುದು ಹಣ ಕೊಡುವಲ್ಲಿಗೆ ಮಾತ್ರ.

ಹುಡುಗಿ ಏನು ಮಾಡುತ್ತಿರುತ್ತಾಳೆ? ಅವಳ ಹೆಗಲ ಮೇಲೆ ಒಂದೊಂದೇ ಸೀರೆಯನ್ನು ಹಾಕಿ ಕನ್ನಡಿಯ ಮುಂದೆ ನಿಲ್ಲಿಸುತ್ತಾರೆ. ಉಳಿದವರು ಕನ್ನಡಿಯಲ್ಲಿ ಬಣ್ಣವನ್ನು ನೋಡುತ್ತಿರುವಾಗ ಅವಳು ಸೀರೆಯ ಮೂಲೆಗೆ ಕಟ್ಟಿದ ಬೆಲೆಯ ಚೀಟಿಯನ್ನು ಬೆರಳಿನಿಂದ ಮೆಲ್ಲನೆ ತಿರುಗಿಸಿ ನೋಡುತ್ತಾಳೆ. ಮನಸ್ಸಿಗೆ ಹಿಡಿಸಿದ ಸೀರೆಯ ಚೀಟಿಯನ್ನು ನೋಡಿದ ಬಳಿಕ, ‘ಇದು ಬೇಡಮ್ಮ, ಬಣ್ಣ ತುಂಬ ಗಾಢವಾಯಿತು’ ಎನ್ನುತ್ತಾಳೆ. ಬಣ್ಣದಲ್ಲಿ ದೋಷವಿಲ್ಲವೆಂದು ಅವಳಿಗೆ ಗೊತ್ತು. ತಾಯಿಗೂ ಗೊತ್ತು. ಇಬ್ಬರೂ ಗೊತ್ತಿಲ್ಲದವರಂತೆ ಮುಂದಿನ ಸೀರೆಯನ್ನು ಬಿಡಿಸಲು ಹೇಳುತ್ತಾರೆ.

ಇಂತಹ ಹುಡುಗಿಯನ್ನು ಲೋಕವು ‘ಅರ್ಥಮಾಡಿಕೊಳ್ಳುವ ಮಗಳು’ ಎಂದು ಹೊಗಳುತ್ತದೆ. ಹೊಗಳಿಕೆಯಲ್ಲಿ ತಪ್ಪಿಲ್ಲ. ಆದರೆ ಮದುವೆಯ ಸೀರೆಯನ್ನು ಆರಿಸುವ ಹೊತ್ತಿನಲ್ಲಿ ಮಗಳು ಬಣ್ಣದ ನೆಪವನ್ನು ಹೇಳಬೇಕಾಗಿ ಬರುವುದು ಆ ಮನೆಯ ಬಡತನದಿಂದಲ್ಲ. ಬಡತನವನ್ನು ಎಲ್ಲರೂ ಕೂಡಿ ಮುಚ್ಚಿಡಬೇಕೆಂದು ಕೊಂಡ ನಿರ್ಧಾರದಿಂದ. ಹೊರಡುವ ಮೊದಲೇ ಮನೆಯ ಜಗಲಿಯಲ್ಲಿ ಕುಳಿತು, ‘ಮಗಾ, ನಮ್ಮ ಕೈಯಲ್ಲಿ ಇರುವುದು ಇಷ್ಟು, ಇದರೊಳಗೆ ನಿನಗೆ ಬೇಕಾದುದನ್ನು ನೀನೇ ಆರಿಸು’ ಎಂದು ತಂದೆ ಒಂದು ಮಾತು ಹೇಳಿದ್ದರೆ, ಅವಳಿಗೆ ಕನ್ನಡಿಯ ಮುಂದೆ ಸುಳ್ಳಾಡುವ ಅಗತ್ಯ ಬೀಳುತ್ತಿರಲಿಲ್ಲ. ಹತ್ತು ಮಂದಿ ಹೋಗುವ ಬದಲು ಮೂವರು ಹೋದರೆ ಸಾಕು ಎಂಬುದೂ ಅಷ್ಟೇ ನಿಜ. ಸೀರೆಯನ್ನು ಉಡುವವಳು ಒಬ್ಬಳೇ.

ಈ ಸೀರೆಗೆ ಧಾರೆಯ ಸೀರೆ ಎಂಬ ಹೆಸರು ಬಂದ ಬಗೆಯನ್ನೂ ನೆನೆಯಬೇಕು. ತುಳುನಾಡಿನ ಮದುವೆಗಳಲ್ಲಿ ಧಾರೆಯೆರೆಯುವುದೇ ಮುಖ್ಯವಾದ ವಿಧಿ. ವಧೂವರರ ಕೈಗಳನ್ನು ಒಂದರ ಮೇಲೊಂದು ಇರಿಸಿ, ಗಿಂಡಿಯ ಬಾಯಿಯಿಂದ ಹಿರಿಯರು ನೀರನ್ನು ಎರೆಯುತ್ತಾರೆ. ಬಳಿಕ ಬಂಧುಗಳು ಒಬ್ಬೊಬ್ಬರಾಗಿ ಬಂದು ಆ ಗಿಂಡಿಯನ್ನು ಮುಟ್ಟುತ್ತಾರೆ. ಎಣಿಸಿ ನೋಡಿದರೆ ಮದುವೆಯನ್ನು ಮದುವೆಯನ್ನಾಗಿ ಮಾಡುವ ವಸ್ತು ಒಂದು ಗಿಂಡಿ ನೀರು. ಅದಕ್ಕೆ ಬೆಲೆಯ ಚೀಟಿಯಿಲ್ಲ. ಆ ನೀರು ಕೈಯಿಂದ ಜಾರಿ ಬೀಳುವಾಗ ಸೀರೆಯ ನೆರಿಗೆ ಒದ್ದೆಯಾಗುವುದೂ ಉಂಟು. ಆಗ, ‘ಅಯ್ಯೋ, ಜರಿ ಕಪ್ಪಾದೀತು!’ ಎಂದು ಹಿಂದಿನಿಂದ ಯಾರಾದರೂ ಕೂಗಿದರೆ, ಅಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ಲೆಕ್ಕ ತಿರುವುಮುರುವಾಗಿದೆಯೆಂದು ತಿಳಿಯಬೇಕು.

ಲೆಕ್ಕದ ಮಾತು ಬಂದುದರಿಂದ ಇನ್ನೊಂದು ಲೆಕ್ಕವನ್ನೂ ಮಾಡಬಹುದು. ಬಂಟ್ವಾಳದ ಸುತ್ತಿನ ಹಳ್ಳಿಗಳಲ್ಲಿ ಬಹು ಕಾಲದಿಂದ ಹೆಂಗಸರಿಗೆ ಕೈಕಾಸು ತಂದುಕೊಟ್ಟುದು ಬೀಡಿಯ ಕೆಲಸ. ಮೊರವನ್ನು ಮಡಿಲಲ್ಲಿ ಇರಿಸಿಕೊಂಡು, ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ನೂಲು ಬಿಗಿದು, ಕಟ್ಟುಗಳನ್ನು ಬೀಡಿಯ ಬ್ರಾಂಚಿಗೆ ಒಯ್ದು ಕೊಟ್ಟು, ಅದರ ಹಣದಿಂದ ಮಕ್ಕಳನ್ನು ಶಾಲೆಗೆ ಕಳುಹಿಸಿದ ತಾಯಂದಿರು ಸಾವಿರಾರು ಮಂದಿ. ಸಾವಿರ ಬೀಡಿಗೆ ಇನ್ನೂರೈವತ್ತು ರೂಪಾಯಿ ದೊರೆಯುತ್ತದೆಂದು ಇಟ್ಟುಕೊಂಡರೂ, ಇಪ್ಪತ್ತೈದು ಸಾವಿರ ರೂಪಾಯಿಯ ಒಂದು ಸೀರೆಗೆ ಒಂದು ಲಕ್ಷ ಬೀಡಿಗಳನ್ನು ಕಟ್ಟಬೇಕು. ಮನೆಗೆಲಸವನ್ನು ಮುಗಿಸಿಕೊಂಡು ದಿನಕ್ಕೆ ಸಾವಿರ ಬೀಡಿ ಕಟ್ಟುವವಳು ಬಲು ಚುರುಕಿನ ಕೈಯವಳು. ಅವಳಿಗೂ ಅದು ನೂರು ದಿನಗಳ ದುಡಿಮೆ. ಆ ನೂರು ದಿನ ಅವಳು ಬೇರೇನನ್ನೂ ಕೊಳ್ಳಬಾರದು, ಉಣ್ಣಲೂ ಬಾರದು! ಆದುದರಿಂದಲೇ ಹಣವು ಕೂಡಿಟ್ಟ ಗಂಟಿನಿಂದ ಬರುವುದು ಅಪರೂಪ. ಸಂಘದ ಸಾಲದಿಂದಲೋ ಅಡವಿಟ್ಟ ಬಳೆಯಿಂದಲೋ ಬರುವುದೇ ಹೆಚ್ಚು. ಮದುವೆಯ ಊಟದ ಎಲೆ ಬಾಡಿದ ಮೇಲೂ ವಾರವಾರದ ಕಂತು ಬಾಡದೆ ಉಳಿಯುತ್ತದೆ. ಇಷ್ಟಾಗಿ ಆ ಸೀರೆಯನ್ನು ಉಡುವುದು ಕೆಲವೇ ಗಂಟೆಗಳ ಕಾಲ.

ಹಾಗಾದರೆ ಬೆಲೆಯ ಸೀರೆಯೇ ಬೇಡವೆ? ಹಾಗೆಂದು ಹೇಳಿಬಿಡುವುದು ಸುಲಭ. ಹೇಳಿದವರಿಗೆ ಸರಳಜೀವಿಗಳೆಂಬ ಕೀರ್ತಿಯೂ ಬರುತ್ತದೆ. ಆದರೆ ಆ ಮಾತು ನ್ಯಾಯವಾದುದಲ್ಲ. ಏಕೆಂದರೆ ಸೀರೆಯ ಇನ್ನೊಂದು ತುದಿಯಲ್ಲಿಯೂ ಒಂದು ಸಂಸಾರವಿದೆ.

ಒಂದು ರೇಷ್ಮೆಯ ಗೂಡಿನಲ್ಲಿ ಇರುವುದು ಹೆಚ್ಚು ಕಡಿಮೆ ಒಂದು ಕಿಲೋಮೀಟರು ಉದ್ದದ ಒಂದೇ ಎಳೆ. ಕಣ್ಣಿಗೆ ಕಾಣುವಷ್ಟು ದಪ್ಪದ ನೂಲಾಗಬೇಕಾದರೆ ಹಲವು ಗೂಡುಗಳ ಎಳೆಗಳು ಸೇರಬೇಕು. ಸೀರೆಯೊಂದಕ್ಕೆ ಗೂಡುಗಳು ಸಾವಿರಗಟ್ಟಲೆ ಬೇಕು. ಹಿಪ್ಪುನೇರಳೆಯ ಸೊಪ್ಪನ್ನು ಹಗಲಿರುಳೆನ್ನದೆ ಹುಳುವಿಗೆ ತಿನ್ನಿಸಿದ ರೈತ, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಂಡು ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ತೆಗೆದ ಹೆಂಗಸು, ಬಣ್ಣಗಾರ, ಹಾಸು ಹೂಡುವವರು, ಕೊನೆಗೆ ನೇಕಾರ, ಇಷ್ಟು ಮಂದಿಯ ಕೈಯನ್ನು ದಾಟಿ ಸೀರೆ ಅಂಗಡಿಗೆ ಬರುತ್ತದೆ. ಗೂಡಿನೊಳಗಿನ ಜೀವವನ್ನು ಶಾಖದಿಂದ ಕೊಂದಲ್ಲದೆ ಎಳೆ ತುಂಡಾಗದೆ ಬರುವುದಿಲ್ಲವೆಂಬುದು ಇದರೊಡನೆ ಸೇರಿಕೊಂಡ ಸತ್ಯ. ಕಾಂಚೀಪುರದ ಸೀರೆಯ ಮೈಯೂ ಅಂಚೂ ಬೇರೆ ಬೇರೆ ಬಣ್ಣದ್ದಾಗಿರುವಾಗ ಅವುಗಳನ್ನು ಮೂರು ಲಾಳಿಗಳಿಂದ ನೇಯುತ್ತಾರೆ. ಪ್ರತಿಯೊಂದು ಎಳೆಯಲ್ಲಿಯೂ ಅಂಚಿನ ನೂಲು ಮೈಯ ನೂಲನ್ನು ಕೊಕ್ಕೆಯಂತೆ ಹಿಡಿದುಕೊಳ್ಳಬೇಕು. ಈ ಕೆಲಸಕ್ಕೆ ಮಗ್ಗದ ಬಳಿ ಇಬ್ಬರು ಬೇಕು. ಬಟ್ಟೆ ಹಳತಾಗಿ ಸವೆದರೂ ಅಂಚು ಬಿಟ್ಟುಬರುವುದಿಲ್ಲವೆಂಬ ಪ್ರಸಿದ್ಧಿಗೆ ಕಾರಣ ಇದೇ. ನಮ್ಮದೇ ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸೀರೆ ಒಂದಕ್ಕೆ ಮಾತ್ರ ಹಾಸು ಹೂಡುವ ಈ ಪದ್ಧತಿಯಲ್ಲಿ ತಾಳ್ಮೆಯೇ ಬಂಡವಾಳ. ಮೈಸೂರು ರೇಷ್ಮೆಯ ಕತೆ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ಮಗ್ಗಗಳು ವಿದ್ಯುತ್ತಿನಿಂದ ನಡೆಯುವಂಥವು. ಆದರೆ ರೇಷ್ಮೆ ಅಪ್ಪಟ, ಜರಿ ಅಪ್ಪಟ. ಯಂತ್ರದ ಮಗ್ಗವೆಂದ ಮಾತ್ರಕ್ಕೆ ಮೋಸವೆಂದಾಗಲಿ, ಕೈಮಗ್ಗವೆಂದು ಹೇಳಿದ ಮಾತ್ರಕ್ಕೆ ನಿಜವೆಂದಾಗಲಿ ಭಾವಿಸಬಾರದೆಂಬುದಕ್ಕೆ ಇದು ನಿದರ್ಶನ.

ಇಲ್ಲಿಯೇ ತಿಳಿವಳಿಕೆಯ ಅಗತ್ಯ ಬೀಳುವುದು. ಸೀರೆ ಕೊಳ್ಳುವ ತಂಡದಲ್ಲಿ ಹತ್ತು ಮಂದಿ ಇದ್ದರೂ ಅದು ರೇಷ್ಮೆಯೇ, ಬೇರೆ ನೂಲೇ ಎಂದು ಕೇಳುವವರು ಒಬ್ಬರೂ ಇಲ್ಲದಿರುವುದುಂಟು. ಹೊಳಪು ಇದ್ದರೆ ಸಾಕು, ರೇಷ್ಮೆ ಎಂದು ನಂಬುತ್ತಾರೆ. ಪೆಟ್ರೋಲಿಯಮ್ಮಿನಿಂದ ತೆಗೆದ ಪಾಲಿಯೆಸ್ಟರು ರೇಷ್ಮೆಗಿಂತಲೂ ಹೆಚ್ಚು ಹೊಳೆಯುತ್ತದೆ! ಸೀರೆಯ ತುದಿಯಿಂದ ಒಂದೆರಡು ಎಳೆಗಳನ್ನು ತೆಗೆದು ಸುಟ್ಟು ನೋಡಿದರೆ ನಿಜ ತಿಳಿಯುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ; ಬೂದಿಯನ್ನು ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರು ಕರಗಿ ಗಟ್ಟಿಯಾದ ಕರಿಮಣಿಯಂತಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಇದು ವಿಜ್ಞಾನದ ಪಾಠವೂ ಹೌದು, ವ್ಯವಹಾರದ ಪಾಠವೂ ಹೌದು. ಇಂತಹ ಪರೀಕ್ಷೆಗೆ ಅಂಗಡಿಯವನು ಒಪ್ಪದಿದ್ದರೆ, 2004ರಲ್ಲಿ ಬಳಕೆಗೆ ಬಂದ ರೇಷ್ಮೆಯ ಗುರುತಿನ ಚೀಟಿಯನ್ನೂ 2006ರಲ್ಲಿ ಬಂದ ಕೈಮಗ್ಗದ ಗುರುತಿನ ಚೀಟಿಯನ್ನೂ ತೋರಿಸೆಂದು ಕೇಳುವುದಕ್ಕೆ ಯಾವ ಸಂಕೋಚವೂ ಬೇಕಿಲ್ಲ. ಕೈಮಗ್ಗದವರ ಅನ್ನವನ್ನು ಯಂತ್ರವು ಕಸಿದುಕೊಳ್ಳದಿರಲೆಂದು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಅಧಿನಿಯಮವನ್ನು 1985ರಲ್ಲಿ ಸಂಸತ್ತು ಮಾಡಿತು. ಅಧಿನಿಯಮವನ್ನು ದೆಹಲಿಯಲ್ಲಿ ಮಾಡಬಹುದು. ಅದನ್ನು ಉಳಿಸುವುದೂ ಕೆಡಿಸುವುದೂ ಅಂಗಡಿಯ ಹಾಸಿನ ಮೇಲೆ ಕುಳಿತ ದೊಡ್ಡಮ್ಮ, ಅತ್ತಿಗೆಯರ ಕೈಯಲ್ಲಿದೆ.

ಮಾಣಿಯವರು ಸೀರೆಗಾಗಿ ಕಾಂಚೀಪುರದ ಹೆಸರನ್ನು ಹೇಳುವಾಗ ತಮ್ಮ ಕರಾವಳಿಯಲ್ಲಿಯೂ ಮಗ್ಗಗಳಿದ್ದುವೆಂಬುದನ್ನು ಬಹುಮಟ್ಟಿಗೆ ಮರೆತಿದ್ದಾರೆ. ಪದ್ಮಶಾಲಿ ಮನೆತನದವರು ಇಲ್ಲಿ ತಲೆಮಾರುಗಳಿಂದ ನೇಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ತೆರೆದರು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ಜರ್ಮನಿಯ ನೇಕಾರನು ಅಲ್ಲಿ ಐರೋಪ್ಯ ರೀತಿಯ ಮಗ್ಗಗಳನ್ನು ಹೂಡಿದನು. ಕಾಕಿ ಬಟ್ಟೆಯ ಇತಿಹಾಸದಲ್ಲಿ ಮಂಗಳೂರಿನ ಹೆಸರು ಬರುವುದು ಅವನಿಂದಲೇ. ದೇಶವೆಲ್ಲ ಕೈಮಗ್ಗವನ್ನೂ ಕರಕುಶಲ ಕಲೆಗಳನ್ನೂ ಮರೆಯುತ್ತಿದ್ದ ಕಾಲದಲ್ಲಿ ಊರೂರು ತಿರುಗಿ ಅವುಗಳಿಗೆ ಮರುಜೀವ ಕೊಟ್ಟ ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ಹುಟ್ಟಿದುದು ಇದೇ ಮಂಗಳೂರಿನಲ್ಲಿ. ಇಷ್ಟೆಲ್ಲ ಇದ್ದೂ ಈ ಜಿಲ್ಲೆಯ ಮಗ್ಗಗಳು ಒಂದೊಂದಾಗಿ ನಿಂತವು. ನೇಕಾರನ ಮಗನಿಗೆ ಮಗ್ಗದ ಗುಂಡಿಗಿಂತ ಮುಂಬಯಿಯ ಹೋಟೆಲಿನಲ್ಲಿಯೋ ಬೇರೆ ಕಾರ್ಖಾನೆಯಲ್ಲಿಯೋ ಹೆಚ್ಚು ಹಣ ದೊರೆತರೆ ಅವನನ್ನು ದೂರುವುದು ಹೇಗೆ?

ಉಡುಪಿ ಸೀರೆಯೆಂದು ಹೆಸರಾದ ಇಲ್ಲಿಯ ಹತ್ತಿಯ ಸೀರೆ ತೆಳು, ಹಗುರ, ಬೆವರನ್ನು ಹೀರುವಂಥದು. ಗಂಜಿ ಹಾಕಿದ ನೂಲಿನಿಂದ ನೇಯ್ದ ಅದು ಕರಾವಳಿಯ ಸೆಕೆಗೆ ಹೇಳಿ ಮಾಡಿಸಿದ್ದು. ಗದ್ದೆಯಲ್ಲಿ ದುಡಿಯುವವರಿಂದ ಹಿಡಿದು ಶಾಲೆಯಲ್ಲಿ ಕಲಿಸುವವರವರೆಗೆ ಒಂದು ಕಾಲದ ಹೆಂಗಸರೆಲ್ಲರೂ ಅದನ್ನು ಉಟ್ಟವರೇ. 2016ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ವಿಷಾದದ ಸಂಗತಿಯೆಂದರೆ ಆ ಹೊತ್ತಿಗೆ ನೇಯುವವರು ಕೆಲವೇ ಮಂದಿ ಉಳಿದಿದ್ದರು, ಅವರೂ ವಯಸ್ಸಾದವರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘ ಕಷ್ಟಪಟ್ಟು ಬಾಗಿಲನ್ನು ತೆರೆದಿಟ್ಟುಕೊಂಡಿತ್ತು. 2018ರ ಬಳಿಕ ಕಾರ್ಕಳದ ಕದಿಕೆ ಟ್ರಸ್ಟಿನವರು ಆ ಸಂಘದೊಡನೆ ಕೈಜೋಡಿಸಿ, ಸೀರೆಗಳಿಗೆ ಮಾರುಕಟ್ಟೆಯನ್ನು ಹುಡುಕಿ, ಹೊಸಬರಿಗೆ ನೇಯ್ಗೆಯನ್ನು ಕಲಿಸಲು ತೊಡಗಿದ ಮೇಲೆ ನಿಂತ ಮಗ್ಗಗಳು ಕೆಲವು ಮತ್ತೆ ಸದ್ದುಮಾಡಿದವು. ಹಾಗೆ ಕಲಿತವರಲ್ಲಿ ಹೆಂಗಸರೂ ಇದ್ದಾರೆ. ಧಾರೆಗೆ ಹತ್ತಿಯ ಸೀರೆಯೇ ಎಂದು ಮೂಗು ಮುರಿಯುವವರಿದ್ದಾರೆ. ಇರಲಿ, ಧಾರೆಗೆ ರೇಷ್ಮೆಯನ್ನೇ ಉಡಿಸಲಿ. ನಿಶ್ಚಿತಾರ್ಥಕ್ಕೆ, ಮದುವೆಯ ಮರುದಿನಕ್ಕೆ, ತಾಯಿಗೆ, ಅತ್ತೆಗೆ ಒಂದೊಂದು ಉಡುಪಿ ಸೀರೆಯನ್ನು ತಂದರೆ ಯಾವ ಶಾಸ್ತ್ರಕ್ಕೂ ಭಂಗ ಬರುವುದಿಲ್ಲ. ಮೇ ತಿಂಗಳ ಚಪ್ಪರದೊಳಗೆ ಕುಳಿತು ಬೆವರುವ ಅತ್ತೆಯಂತೂ ಮನಸಾರೆ ಹರಸಿಯಾಳು.

ಅದಕ್ಕಿಂತ ದೊಡ್ಡ ಮದುವೆಗಳಲ್ಲಿಯೂ ಹತ್ತಿಯನ್ನು ಉಟ್ಟವರಿದ್ದಾರೆ. 1942ರಲ್ಲಿ ಅಲಹಾಬಾದಿನಲ್ಲಿ ಇಂದಿರಾ ನೆಹರೂ ಅವರ ವಿವಾಹ ನಡೆದಾಗ ಅವರು ಉಟ್ಟುದು ತಿಳಿಗುಲಾಬಿ ಬಣ್ಣದ ಒಂದು ಖಾದಿಯ ಸೀರೆ. ಅದರ ನೂಲು, ತಂದೆ ಜವಾಹರಲಾಲರು ಸೆರೆಮನೆಯಲ್ಲಿ ಕುಳಿತು ನೂತದ್ದು. ಬಹಳ ವರ್ಷಗಳ ಬಳಿಕ, 1968ರಲ್ಲಿ, ಮನೆಗೆ ಬಂದ ಸೊಸೆಯೂ ಅದೇ ಸೀರೆಯನ್ನು ಉಟ್ಟು ಮದುವೆಯಾದರು. ತಂದೆ ಕೊಂಡುಕೊಟ್ಟ ಸೀರೆಗಳು ಲೋಕದಲ್ಲಿ ಎಷ್ಟೋ ಇವೆ; ತಂದೆಯ ಕೈಯೇ ನೂತ ಸೀರೆ ಎಷ್ಟು ಮಂದಿಗೆ ದೊರೆತೀತು? ಇಂಗ್ಲೆಂಡಿನಲ್ಲಿ 1947ರಲ್ಲಿ ರಾಜಕುಮಾರಿ ಎಲಿಜಬೆತ್ತಳ ಮದುವೆಯಾದಾಗ ಯುದ್ಧಕಾಲದ ಬಟ್ಟೆಯ ಪಡಿತರ ಇನ್ನೂ ಮುಗಿದಿರಲಿಲ್ಲ. ರಾಜಕುಮಾರಿಯೂ ಮದುವೆಯ ಉಡುಪಿಗೆ ಪಡಿತರದ ಕೂಪನುಗಳನ್ನು ಲೆಕ್ಕಹಾಕಬೇಕಾಯಿತು. ಸರಕಾರ ಅವಳಿಗೆ ಹೆಚ್ಚಿನ 200 ಕೂಪನುಗಳನ್ನು ಕೊಟ್ಟಿತು. ಅಷ್ಟು ಸಾಲದೆಂದು ದೇಶದ ಹೆಣ್ಣುಮಕ್ಕಳು ತಮ್ಮ ಪಾಲಿನ ಕೂಪನುಗಳನ್ನೂ ಅಂಚೆಯಲ್ಲಿ ಕಳುಹಿಸಿಕೊಟ್ಟರು. ಒಬ್ಬರ ಕೂಪನನ್ನು ಇನ್ನೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವಾದುದರಿಂದ ಅವುಗಳನ್ನೆಲ್ಲ ಹಿಂದಿರುಗಿಸಬೇಕಾಯಿತು. ಅದಕ್ಕೂ ಹಿಂದೆ, 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಯ ಬಿಳಿಯ ಉಡುಪಿಗೆ ಡೆವನ್ ಸೀಮೆಯ ಹಳ್ಳಿಯ ಹೆಂಗಸರು ಕೈಯಿಂದ ಹೆಣೆದ ಲೇಸನ್ನೇ ಆರಿಸಿದಳು. ಯಂತ್ರದ ಲೇಸಿನಿಂದಾಗಿ ಕೆಲಸ ಕಳೆದುಕೊಳ್ಳುತ್ತಿದ್ದ ಅವರಿಗೆ ಇದರಿಂದ ಆಸರೆಯಾಗಲೆಂಬುದು ಉದ್ದೇಶ. ರಾಣಿಯ ದೃಷ್ಟಿ ನೇಯುವವರ ಕಡೆಗೂ ಹರಿದಿತ್ತೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಅವಳನ್ನು ನೋಡಿ ಲೋಕವೆಲ್ಲ ಕಲಿತದ್ದು ಮಾತ್ರ ಬಿಳಿಯ ಬಣ್ಣವನ್ನು!

ಕರ್ನಾಟಕದಲ್ಲಿ ಮದುವೆಯ ಆಡಂಬರವನ್ನು ಬೇರಿನಿಂದಲೇ ಕೀಳಲು ಹೊರಟವರು ಕುವೆಂಪು. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು ಸರಳವಾದ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಆ ದಾರಿಯನ್ನು ಹಿಡಿದವರು ಇದ್ದಾರೆ. ಹಿಡಿಯಲಾರದವರು ಅದಕ್ಕಿಂತ ಹೆಚ್ಚು ಇದ್ದಾರೆ. ಹಿಡಿಯಲಾರದವರನ್ನು ಹೀನಾಯವಾಗಿ ಕಾಣಬೇಕಾಗಿಲ್ಲ. ವರ್ಷವಿಡೀ ಹಳೆಯ ಬಟ್ಟೆಯಲ್ಲಿ ದುಡಿಯುವ ಮನೆಗೆ ಮದುವೆಯೊಂದು ಬೆಳಕಿನ ದಿನ. ಅಂದು ಮಗಳು ಚೆಂದ ಕಾಣಲಿ ಎಂಬ ಆಸೆಯಲ್ಲಿ ಯಾವ ಅಪರಾಧವಿದೆ? ಹಿಂದೂಗಳ ಧಾರೆಯ ಸೀರೆ, ಕೆಥೋಲಿಕರ ಕೆಂಪು ‘ಸಾಡೊ’, ಬ್ಯಾರಿಗಳ ಮದುಮಗಳ ಉಡುಪು, ಎಲ್ಲವುಗಳ ಹಿಂದೆಯೂ ಇರುವುದು ಅದೇ ಆಸೆ.

ನಿಜವಾದ ಪೋಲು ನಡೆಯುವುದು ಧಾರೆಯ ಸೀರೆಯಲ್ಲಿ ಅಲ್ಲ; ಅದರ ಪಕ್ಕದ ಕಟ್ಟಿನಲ್ಲಿ. ಧಾರೆಯ ಸೀರೆಯನ್ನು ಆರಿಸಿ ಮುಗಿಸಿದ ಬಳಿಕ ಅಂಗಡಿಯ ಹುಡುಗನು, ‘ಇನ್ನು ಕೊಡುವ ಸೀರೆ ನೋಡುವುದಲ್ಲವಾ ಅಕ್ಕ?’ ಎಂದು ಕೇಳುತ್ತಾನೆ. ‘ಕೊಡುವ ಸೀರೆ’ ಎಂದರೆ ಬಂಧುಗಳಿಗೆ ಉಡುಗೊರೆಯಾಗಿ ಕೊಡುವ ಸೀರೆ. ಇಪ್ಪತ್ತು, ಮೂವತ್ತು, ನಲವತ್ತು. ಅವುಗಳನ್ನು ಯಾರೂ ಬಿಡಿಸಿ ನೋಡುವುದಿಲ್ಲ, ಎಳೆಯನ್ನು ಉಜ್ಜುವುದಿಲ್ಲ, ಎಣಿಸುತ್ತಾರೆ, ಅಷ್ಟೆ. ಉಡುಗೊರೆ ಎಂದರೆ ಮೊದಲಿಗೆ ಬಟ್ಟೆಯ ಕೊಡುಗೆಯೇ. ಮಾತಿನೊಳಗೇ ಉಡುವುದು ಅಡಗಿದೆ. ಆದರೆ ಈ ಸೀರೆಗಳನ್ನು ಉಡುವವರಿಲ್ಲ. ಪಡೆದವರು ಕಪಾಟಿನಲ್ಲಿ ಇರಿಸಿ ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೆ. ಹೀಗೆ ಒಂದೇ ಸೀರೆ ಮಾಣಿಯಿಂದ ವಿಟ್ಲಕ್ಕೆ, ವಿಟ್ಲದಿಂದ ಕಡಬಕ್ಕೆ, ಅಲ್ಲಿಂದ ಮತ್ತೆಲ್ಲಿಗೋ ಮಡಿಕೆ ಬಿಚ್ಚದೆಯೇ ಸಂಚರಿಸುತ್ತದೆ. ಕೊಟ್ಟವರ ಮನೆಗೇ ಅದು ಹಿಂದಿರುಗಿದ ಉದಾಹರಣೆಯನ್ನು ಹೇಳಿ ನಗುವವರೂ ಇದ್ದಾರೆ. ನಗು ಬರುವುದು ಸಹಜ. ಆದರೆ ಆ ನಲವತ್ತು ಸೀರೆಗಳಿಗೆ ತೆತ್ತ ಹಣ ಎರಡು ಧಾರೆಯ ಸೀರೆಗಳಿಗಿಂತ ಹೆಚ್ಚಾಗಿದ್ದರೆ? ಮಗಳು ಕನ್ನಡಿಯ ಮುಂದೆ ಬಣ್ಣದ ನೆಪ ಹೇಳಿ ಬಿಟ್ಟುಕೊಟ್ಟ ಸೀರೆಯ ಹಣ, ಯಾರೂ ಉಡದ ಆ ಕಟ್ಟಿಗೆ ಸಂದಿದ್ದರೆ? ಅಂಚು ಚೆನ್ನಾಗಿಲ್ಲವೆಂದು ತಲೆಯಾಡಿಸಿದ ನೆರೆಮನೆಯ ಅಕ್ಕನು ಆ ಕಟ್ಟನ್ನು ಕಂಡು ಒಂದು ಬಾರಿ ತಲೆಯಾಡಿಸಿದ್ದರೆ ಎಷ್ಟು ಒಳ್ಳೆಯದಿತ್ತು!

ಕೊಡದಿದ್ದರೆ ಜನ ಏನೆಂದಾರು ಎಂಬ ಅಂಜಿಕೆಯೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಆ ಅಂಜಿಕೆಯನ್ನು ಪರೀಕ್ಷಿಸಿ ನೋಡಿದವರು ಕಡಿಮೆ. ಒಂದು ಮನೆಯವರು, ‘ನಾವು ಯಾರಿಗೂ ಸೀರೆ ಕೊಡುವುದಿಲ್ಲ, ನೀವೂ ತರಬೇಡಿ’ ಎಂದು ಆಮಂತ್ರಣ ಕೊಡುವಾಗಲೇ ಹೇಳಿಬಿಟ್ಟರೆ ಕೇಳಿದವರಲ್ಲಿ ಅರ್ಧ ಮಂದಿಯಾದರೂ ಒಳಗೊಳಗೆ ನೆಮ್ಮದಿಯ ಉಸಿರು ಬಿಟ್ಟಾರು. ಅವರ ಕಪಾಟಿನಲ್ಲಿಯೂ ಜಾಗವಿಲ್ಲ. ಹೀಗೆ ಹೇಳುವ ಧೈರ್ಯ ಮೊದಲು ಉಳ್ಳವರ ಮನೆಯಿಂದ ಬರಬೇಕು. ಇಲ್ಲದವನು ಹೇಳಿದರೆ ಅದನ್ನು ಕೈಲಾಗದವನ ಮಾತೆಂದು ಎಣಿಸುತ್ತಾರೆ; ಉಳ್ಳವನು ಹೇಳಿದರೆ ಊರಿಗೆ ಅದೇ ಪದ್ಧತಿಯಾಗುತ್ತದೆ. ಅಡಿಕೆಯ ತೋಟದ ಒಡೆಯನ ಮನೆಯ ಮದುವೆಯನ್ನು ನೋಡಿಯೇ ಅವನ ತೋಟದಲ್ಲಿ ದುಡಿಯುವವನು ತನ್ನ ಮಗಳ ಮದುವೆಯ ಪಟ್ಟಿಯನ್ನು ಬರೆಯುವುದು. ಪಟ್ಟಿ ಒಂದೇ, ಗಂಟು ಮಾತ್ರ ಬೇರೆ.

ಆಟಿ ತಿಂಗಳಲ್ಲಿ ತುಳುನಾಡಿನಲ್ಲಿ ಮದುವೆಗಳು ನಡೆಯುವುದಿಲ್ಲ. ಮಳೆ ಬಿಡದೆ ಸುರಿಯುವ ಆ ದಿನಗಳಲ್ಲಿ ಜವಳಿಯ ಅಂಗಡಿಗಳು ಬೆಲೆಯನ್ನು ಇಳಿಸಿ ಕರೆಯುತ್ತವೆ. ಬುದ್ಧಿವಂತರು ಚಿತ್ರಾ ಪೌರ್ಣಮಿಯ ಮೇಲಿನ ಮದುವೆಗೆ ಆಟಿಯಲ್ಲಿಯೇ ಸೀರೆ ತೆಗೆದಿರಿಸುತ್ತಾರೆ. ಜನಸಂದಣಿಯಿಲ್ಲದ ಅಂಗಡಿಯಲ್ಲಿ ಅಳೆದು, ಉಜ್ಜಿ, ಹಗಲ ಬೆಳಕಿಗೆ ಹಿಡಿದು ನೋಡಲು ಸಾಕಷ್ಟು ಹೊತ್ತೂ ದೊರೆಯುತ್ತದೆ. ವಿದ್ಯುದ್ದೀಪದ ಕೆಳಗೆ ಆರಿಸಿದ ಬಣ್ಣ ಮನೆಗೆ ಬಂದ ಮೇಲೆ ಬೇರೆಯಾಗಿ ಕಾಣುವ ಅನುಭವ ಅನೇಕರಿಗೆ ಇದೆ. ಅಂಗಡಿಯ ಹೊಸ್ತಿಲವರೆಗೆ ಸೀರೆಯನ್ನು ತಂದು ಸೂರ್ಯನ ಬೆಳಕಿನಲ್ಲಿ ನೋಡುವುದು ಹಳಬರ ಕ್ರಮ, ಅದು ಬಿಟ್ಟುಬಿಡುವಂಥದಲ್ಲ.

ಸಂಜೆಯ ಬಸ್ಸಿನಲ್ಲಿ ಆ ತಂಡ ಮಾಣಿಗೆ ಹಿಂದಿರುಗುತ್ತದೆ. ಮಡಿಲ ತುಂಬ ಚೀಲಗಳು, ಮಕ್ಕಳು ನಿದ್ದೆಹೋಗಿವೆ. ಮನೆಯಲ್ಲಿ ನೆರೆಹೊರೆಯವರು ಆಗಲೇ ಬಂದು ಕಾಯುತ್ತಿರುತ್ತಾರೆ. ಚಾಪೆಯ ಮೇಲೆ ಮತ್ತೊಮ್ಮೆ ಎಲ್ಲವನ್ನೂ ಬಿಡಿಸಬೇಕು, ಬೆಲೆಯನ್ನು ಮತ್ತೊಮ್ಮೆ ಹೇಳಬೇಕು, ಸ್ವಲ್ಪ ಏರಿಸಿಯೇ ಹೇಳಬೇಕು. ಮರುದಿನ ಸೀರೆಯು ಸೆರಗಿಗೆ ಕುಚ್ಚು ಕಟ್ಟುವವಳ ಮನೆಗೆ ಹೋಗುತ್ತದೆ. ಮದುವೆ ಮುಗಿದ ಬಳಿಕ ಅದನ್ನು ನೆರಳಿನಲ್ಲಿ ಗಾಳಿಗೆ ಹರವಿ, ಹಳೆಯ ಬಿಳಿಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇರಿಸಬೇಕು. ಪ್ಲಾಸ್ಟಿಕ್ಕಿನ ಚೀಲದಲ್ಲಿಟ್ಟರೆ ಕರಾವಳಿಯ ತೇವಕ್ಕೆ ಜರಿ ಕಪ್ಪಾಗುತ್ತದೆ. ಕೆಲವು ತಿಂಗಳಿಗೊಮ್ಮೆ ತೆಗೆದು ಮಡಿಕೆಯನ್ನು ಬದಲಿಸದಿದ್ದರೆ ಮಡಿಸಿದ ಗೆರೆಯಲ್ಲಿಯೇ ರೇಷ್ಮೆ ಸೀಳುತ್ತದೆ. ಅದಕ್ಕಿಂತ ಒಳ್ಳೆಯ ಕ್ರಮವೆಂದರೆ ಆಗಾಗ ಉಡುವುದು. ತಮ್ಮನ ಮದುವೆಗೆ, ಮನೆಯ ಹಬ್ಬಕ್ಕೆ, ಊರಿನ ಜಾತ್ರೆಗೆ, ಮಗುವಿಗೆ ಹೆಸರಿಡುವ ದಿನಕ್ಕೆ. ‘ಅದೇ ಸೀರೆಯಾ?’ ಎಂದು ಯಾರಾದರೂ ಕೇಳಿದರೆ, ‘ಹೌದು, ಅದೇ’ ಎಂದು ಹೇಳಿ ಅವಳು ಊಟದ ಪಂಕ್ತಿಯಲ್ಲಿ ಬಡಿಸಲು ಹೋಗಬಹುದು.